ಗುರುತು ಸಿಗದ ಹಾರುವ ವಸ್ತುಗಳ ತನಿಖೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಜಾಸ್ತಿ ತಿದ್ದಿಲ್ಲ. ಬೇರೆ ಗ್ರಹಗಳಲ್ಲಿ ಜೀವ ಇದೆಯಾ ಎಂಬುದಕ್ಕೆ ಇಲ್ಲಿ ಉತ್ತರ ಹುಡುಕಬೇಡಿ. ಆಕಾಶದಲ್ಲಿ ಕಂಡ, ಏನೆಂದು ತಿಳಿಯದ ವಸ್ತುವನ್ನು (ಇಂಗ್ಲಿಷಿನಲ್ಲಿ ಚಿಕ್ಕದಾಗಿ ಯುಎಫ್‌ಒ) ತನಿಖೆ ಮಾಡುವುದು ಹೇಗೆ, ಆ ವಿಷಯಕ್ಕೆ ವಿಜ್ಞಾನಿಗಳೇ ಯಾಕೆ ಕಿತ್ತಾಡುತ್ತಾರೆ ಎಂಬುದಷ್ಟೇ ಇಲ್ಲಿನ ವಿಷಯ.

## ಮೊದಲ ಪ್ರಶ್ನೆಗಳು

ಯುಎಫ್‌ಒ ಇದೆಯೋ ಇಲ್ವೋ? ಒಂದೇ ಮಾತಲ್ಲಿ ಹೇಳಿ.

ಜನ ಏನನ್ನೋ ನೋಡುತ್ತಿರುವುದು ನಿಜ. ನೋಡಿದ್ದು ಏನು ಎಂಬುದು ಒಂದೊಂದು ಕೇಸಿನಲ್ಲೂ ಬೇರೆ. ಗುರುತು ಸಿಕ್ಕಿಲ್ಲ ಅಂದರೆ ಕೈಯಲ್ಲಿರುವ ಮಾಹಿತಿ ಸಾಲದು ಎಂದಷ್ಟೇ ಅರ್ಥ.

ವಿಚಾರಿಸಿ ನೋಡಿದ್ರೆ ಅದು ಕೊನೆಗೆ ಏನಾಗಿರುತ್ತೆ?

ಶುಕ್ರಗ್ರಹ ಹಳೆಯ ಗಿರಾಕಿ. ದಿಗಂತದ ಹತ್ತಿರ ಮಿಣುಕುತ್ತಾ, ಬಣ್ಣ ಬದಲಿಸುತ್ತಾ, ನಾವು ವಾಹನದಲ್ಲಿ ಹೋಗುತ್ತಿದ್ದರೆ ಜೊತೆಗೇ ಬರುವ ಹಾಗೆ ಕಾಣುತ್ತದೆ. ಉಳಿದಂತೆ ಬಲೂನು, ನೇರ ನಮ್ಮ ಕಡೆಗೇ ಬರುತ್ತಿರುವ ವಿಮಾನದ ದೀಪ, ಉಲ್ಕೆ, ಉಪಗ್ರಹ, ಡ್ರೋನ್, ಮತ್ತೆ ವಾತಾವರಣಕ್ಕೆ ಬಿದ್ದು ಉರಿಯುವ ರಾಕೆಟ್ ಚೂರು. 2019ರ ಮೇ ತಿಂಗಳಿಂದ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು ಇದಕ್ಕೆ ಸೇರಿಕೊಂಡಿದೆ. ಮಣಿ ಪೋಣಿಸಿದ ಹಾಗೆ ಸಾಲಾಗಿ ಹೋಗುವ ಆ ದೀಪಗಳನ್ನು ಮೊದಲ ಸಲ ನೋಡಿದವರು ಗಾಬರಿಯಾದರೆ ತಪ್ಪೇನಿಲ್ಲ.

ಪೈಲಟ್, ಪೊಲೀಸ್ ಅಂಥವರು ನೋಡಿದ್ರೂ ನಂಬಬಾರದಾ?

ನಂಬಿಕೆ ಒಂದು, ಅಳತೆ ಇನ್ನೊಂದು. 1968ರ ಮಾರ್ಚ್ 3ರ ರಾತ್ರಿ ಸೋವಿಯತ್ ಒಕ್ಕೂಟದ ಜೋಂಡ್ 4 ಉಡಾವಣೆಯ ಅವಶೇಷಗಳು ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿಯುತ್ತಾ ಹಾದುಹೋದವು. ತುಂಬಾ ಜನ ನೋಡಿದರು. ಬಿಡಿ ಬಿಡಿ ಬೆಂಕಿಯ ಚೂರುಗಳು ಎಂದೇ ಬಹಳ ಜನ ಸರಿಯಾಗಿ ಹೇಳಿದರು. ಕೆಲವರು ಮಾತ್ರ ಸಿಗಾರ್ ಆಕಾರದ ಒಂದೇ ವಾಹನ, ಅದರ ಪಕ್ಕದಲ್ಲಿ ಬೆಳಕು ತುಂಬಿದ ಕಿಟಕಿಗಳ ಸಾಲು ಎಂದು ಬರೆದುಕೊಟ್ಟರು. ಯಾರೂ ಸುಳ್ಳು ಹೇಳಲಿಲ್ಲ. ಕತ್ತಲಲ್ಲಿ ಬೆಳಕಿನ ಚುಕ್ಕೆಗಳು ಒಟ್ಟಿಗೆ ಚಲಿಸಿದರೆ ಅವುಗಳ ನಡುವೆ ಇಲ್ಲದ ಗೋಡೆಯನ್ನು ನಮ್ಮ ಮೆದುಳು ಕಟ್ಟಿಬಿಡುತ್ತದೆ.

ಕತ್ತಲಲ್ಲಿ ದೂರ, ಗಾತ್ರ, ವೇಗ ಈ ಮೂರನ್ನೂ ಬರಿಗಣ್ಣಿನಿಂದ ಹೇಳಲು ಆಗುವುದಿಲ್ಲ. ಅರ್ಧ ಕಿಲೋಮೀಟರ್ ದೂರದಲ್ಲಿರುವ 1 ಮೀಟರ್ ಬಲೂನು, 50 ಕಿಲೋಮೀಟರ್ ದೂರದಲ್ಲಿರುವ 100 ಮೀಟರ್ ವಸ್ತು, ಎರಡೂ ಕಣ್ಣಿಗೆ ಒಂದೇ ಗಾತ್ರ. ಪೈಲಟ್‌ಗೆ ತರಬೇತಿ ಇರುವುದು ವಿಮಾನ ಓಡಿಸಲು. ಆ ತರಬೇತಿ ಈ ಲೆಕ್ಕವನ್ನು ಬದಲಿಸುವುದಿಲ್ಲ. ಆದರೆ ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ, ಎಷ್ಟು ಹೊತ್ತು ಎಂಬುದನ್ನು ಪೈಲಟ್ ಚೆನ್ನಾಗಿ ಹೇಳಬಲ್ಲರು. ತನಿಖೆಗೆ ಬೇಕಾದ್ದೂ ಅದೇ.

ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಒಂದೇ ಒಂದು ಒಳ್ಳೆ ಫೋಟೋ ಯಾಕಿಲ್ಲ?

ಮೊಬೈಲ್ ಕ್ಯಾಮೆರಾ ಹತ್ತಿರದ ಮುಖ ತೆಗೆಯಲು ಮಾಡಿದ್ದು. ದೂರದ ಸಣ್ಣ ಬೆಳಕು ಅದರಲ್ಲಿ ನಾಲ್ಕಾರು ಪಿಕ್ಸೆಲ್ ಆಗುತ್ತದೆ. ಫೋಕಸ್ ತಪ್ಪಿದರೆ ಅದೇ ಚುಕ್ಕೆ ದೊಡ್ಡ ತಟ್ಟೆಯಾಗುತ್ತದೆ. ಮೇಲೆ ಸಾಫ್ಟ್‌ವೇರ್ ತಾನೇ ಚಿತ್ರವನ್ನು ನಯ ಮಾಡಿ ಇಲ್ಲದ ಅಂಚು ತೋರಿಸುತ್ತದೆ. ಇದು ಮೊಬೈಲ್‌ನ ತಪ್ಪು ನಿಜ. ಆದರೂ ಕೋಟಿಗಟ್ಟಲೆ ಕ್ಯಾಮೆರಾ ಬಂದ ಮೇಲೂ ಹತ್ತಿರದಿಂದ ತೆಗೆದ ಸ್ಪಷ್ಟ ಚಿತ್ರ ಬಂದಿಲ್ಲ ಅನ್ನುವ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ.

ನಾನೇ ಏನಾದ್ರೂ ವಿಚಿತ್ರವಾಗಿ ನೋಡಿದ್ರೆ ಏನು ಮಾಡ್ಲಿ?

ಮೊದಲು ಗಡಿಯಾರ ನೋಡಿ. ನಿಂತ ಜಾಗ, ದಿಕ್ಕು, ದಿಗಂತದಿಂದ ಎಷ್ಟು ಎತ್ತರ ಎಂದು ಬರೆದಿಡಿ. ಕೈ ನೀಟಾಗಿ ಚಾಚಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ವಿಡಿಯೊ ಮಾಡುವಾಗ ಜೂಮ್ ಮಾಡಬೇಡಿ, ಒಂದು ಮರವೋ ಕಟ್ಟಡವೋ ಚೌಕಟ್ಟಿನೊಳಗೆ ಇರಲಿ. ಮೂಲ ಫೈಲ್ ಹಾಗೇ ಇಟ್ಟುಕೊಳ್ಳಿ, ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಸಾಲದು. ಜೊತೆಗಿದ್ದವರ ಹತ್ತಿರ ಮಾತಾಡುವ ಮುಂಚೆ ಎಲ್ಲರೂ ಬೇರೆ ಬೇರೆಯಾಗಿ ಬರೆಯಿರಿ. ಮಾತಾಡಿಕೊಂಡರೆ ನಾಲ್ಕು ಸಾಕ್ಷಿ ಒಂದಾಗಿಬಿಡುತ್ತದೆ.

## ಜಗಳ ಎಲ್ಲಿಂದ ಶುರುವಾಯ್ತು

ವಿಜ್ಞಾನಿಗಳು ಇದನ್ನ ಯಾವತ್ತಾದ್ರೂ ಗಂಭೀರವಾಗಿ ತಗೊಂಡಿದ್ದಾರಾ?

ಹೌದು, ಆದರೆ ಬಹುತೇಕ ಸೇನೆಯ ಹಿಂದೆ ನಿಂತು. 1947ರ ಜೂನ್ 24ರಂದು ಕೆನೆತ್ ಅರ್ನಾಲ್ಡ್ ಎಂಬ ಖಾಸಗಿ ಪೈಲಟ್ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಬಳಿ ಒಂಬತ್ತು ವಸ್ತು ನೋಡಿದೆ ಎಂದ. ಪತ್ರಿಕೆಗಳು ‘ಹಾರುವ ತಟ್ಟೆ’ ಎಂದು ಹೆಸರಿಟ್ಟವು. ಅಮೆರಿಕದ ವಾಯುಪಡೆ ಒಂದಾದ ಮೇಲೊಂದು ತನಿಖೆ ಶುರುಮಾಡಿತು. ಅದರಲ್ಲಿ ಕೊನೆಯದು ಪ್ರಾಜೆಕ್ಟ್ ಬ್ಲೂ ಬುಕ್, 1952ರಿಂದ 1969ರವರೆಗೆ.

ವಾಯುಪಡೆಗೆ ಬೇಕಾದ್ದು ಒಂದೇ: ಇದರಿಂದ ದೇಶಕ್ಕೆ ಅಪಾಯ ಇದೆಯಾ? ಇಲ್ಲ ಅಂದರೆ ಫೈಲ್ ಮುಚ್ಚಿ. ವಿಜ್ಞಾನಿಗೆ ಬೇಕಾದ್ದು, ಇದು ಏನು? ಈ ಎರಡು ಪ್ರಶ್ನೆಗೆ ಬೇಕಾದ ಮಾಹಿತಿಯೇ ಬೇರೆ. ಬ್ಲೂ ಬುಕ್‌ಗೆ ಸಲಹೆಗಾರರಾಗಿದ್ದ ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್ ಈ ಬಿರುಕಿನಲ್ಲೇ ಸಿಕ್ಕಿಬಿದ್ದರು. 1966ರಲ್ಲಿ ಮಿಷಿಗನ್‌ನ ದೀಪಗಳಿಗೆ ಜೌಗು ನೆಲದ ಅನಿಲ ಕಾರಣ ಇರಬಹುದು ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿ ನಗೆಪಾಟಲಾದರು. ಆಮೇಲೆ ಅವರೇ ವಾಯುಪಡೆಯ ವಿಧಾನವನ್ನು ಜೋರಾಗಿ ಟೀಕಿಸಿ, 1973ರಲ್ಲಿ ತಮ್ಮದೇ ಅಧ್ಯಯನ ಕೇಂದ್ರ ಕಟ್ಟಿದರು.

ಕಾಂಡನ್ ವರದಿ ಬಗ್ಗೆ ಇಷ್ಟು ವರ್ಷ ಆದ್ರೂ ಯಾಕೆ ಜಗಳ?

ವರದಿಯ ಮೊದಲ ಪುಟಗಳು ಒಂದು ಹೇಳುತ್ತವೆ, ಒಳಪುಟಗಳು ಇನ್ನೊಂದು ಹೇಳುತ್ತವೆ. ಅದೇ ಜಗಳ.

ಭೌತ ವಿಜ್ಞಾನಿ ಎಡ್ವರ್ಡ್ ಕಾಂಡನ್ ಮುಂದಾಳತ್ವದಲ್ಲಿ ಕೊಲರಾಡೊ ವಿಶ್ವವಿದ್ಯಾಲಯ 1966ರಲ್ಲಿ ವಾಯುಪಡೆಯ ದುಡ್ಡಿನಿಂದ ಈ ಅಧ್ಯಯನ ಶುರುಮಾಡಿತು. 1969ರ ಜನವರಿಯಲ್ಲಿ ವರದಿ ಹೊರಬಂತು. ಕಳೆದ 21 ವರ್ಷಗಳ ಯುಎಫ್‌ಒ ಅಧ್ಯಯನದಿಂದ ವಿಜ್ಞಾನಕ್ಕೆ ಏನೂ ಸೇರಿಲ್ಲ, ಮುಂದೆಯೂ ಸೇರುವುದು ಅನುಮಾನ ಎಂದು ಕಾಂಡನ್ ಬರೆದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಒಪ್ಪಿಗೆ ಕೊಟ್ಟಿತು. ವರ್ಷದ ಕೊನೆಗೆ ಬ್ಲೂ ಬುಕ್ ಬಾಗಿಲು ಹಾಕಿತು.

ಈಗ ಒಳಪುಟ ತೆಗೆಯಿರಿ. ಬ್ರಿಟನ್ನಿನ ಲೇಕನ್‌ಹೀತ್‌ನಲ್ಲಿ 1956ರಲ್ಲಿ ನಡೆದ ರೇಡಾರ್ ಘಟನೆಯ ಬಗ್ಗೆ ಅದೇ ವರದಿಯ ಲೇಖಕರು, ಅಲ್ಲಿ ನಿಜವಾದ ಯುಎಫ್‌ಒ ಇದ್ದ ಸಾಧ್ಯತೆ ಸಾಕಷ್ಟು ಹೆಚ್ಚು ಎಂದು ಬರೆದಿದ್ದಾರೆ. ವರದಿ ಪರಿಶೀಲಿಸಿದ ಕೇಸ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಉತ್ತರವೇ ಇಲ್ಲ. ಅಮೆರಿಕದ ವೈಮಾನಿಕ ಮತ್ತು ಅಂತರಿಕ್ಷ ಎಂಜಿನಿಯರುಗಳ ಸಂಸ್ಥೆ 1970ರಲ್ಲಿ ಇದನ್ನೇ ಎತ್ತಿ ಹಿಡಿದು, ಇಷ್ಟೊಂದು ಉತ್ತರ ಸಿಗದ ಕೇಸ್ ಇರುವಾಗ ಇದನ್ನು ಸುಮ್ನೆ ಬಿಟ್ಟುಬಿಡಿ ಎನ್ನಲು ಆಧಾರ ಎಲ್ಲಿ ಎಂದು ಕೇಳಿತು.

ಇದರ ಮೇಲೆ ಒಂದು ಟಿಪ್ಪಣಿಯ ಕತೆ. ಕೆಲಸ ಶುರುವಾಗುವ ಮುಂಚೆಯೇ ಯೋಜನೆಯ ಸಂಯೋಜಕ ರಾಬರ್ಟ್ ಲೋ, ಹೊರಗಿನವರಿಗೆ ಇದು ಪೂರ್ತಿ ನಿಷ್ಪಕ್ಷಪಾತ ಎಂದು ಕಾಣುವ ಹಾಗೆ ನೋಡಿಕೊಳ್ಳುವುದೇ ಜಾಣತನ ಎಂಬ ಅರ್ಥದಲ್ಲಿ ಬರೆದಿದ್ದರು. ಅದು ಹೊರಬಿತ್ತು. ಹೊರಬರಲು ಕಾರಣರಾದ ಇಬ್ಬರನ್ನು ಕಾಂಡನ್ ಕೆಲಸದಿಂದ ತೆಗೆದರು.

ನನ್ನ ಅಭಿಪ್ರಾಯ ಕೇಳಿದರೆ: ಅನ್ಯಗ್ರಹದ ವಾಹನಕ್ಕೆ ಪುರಾವೆ ಇಲ್ಲ ಎಂಬ ತೀರ್ಮಾನ ಸರಿ. ಮುಂದೆ ಹುಡುಕುವುದೇ ದಂಡ ಎಂಬ ತೀರ್ಮಾನಕ್ಕೆ ಆ ವರದಿಯೊಳಗೇ ಬೆಂಬಲ ಇಲ್ಲ.

ಸೇಗನ್ ಯಾವ ಕಡೆ ಇದ್ರು?

ಚರ್ಚೆ ನಡೆಯಲಿ ಎನ್ನುವ ಕಡೆ. ಅನ್ಯಗ್ರಹದವರು ಬಂದಿದ್ದಾರೆ ಎಂಬುದನ್ನು ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ನಂಬಲಿಲ್ಲ. ಆದರೂ ಥಾರ್ನ್‌ಟನ್ ಪೇಜ್ ಜೊತೆ ಸೇರಿ 1969ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ, ಅಮೆರಿಕದ ವಿಜ್ಞಾನ ಪ್ರಗತಿ ಸಂಘದ ಸಭೆಯಲ್ಲಿ ಈ ವಿಷಯಕ್ಕೇ ಒಂದು ಗೋಷ್ಠಿ ಇಟ್ಟರು. ಇಡಲೇಬಾರದು ಎಂದು ಕಾಂಡನ್ ಹಟ ಹಿಡಿದಿದ್ದರು. ಹಾರ್ವರ್ಡ್‌ನ ಖಗೋಳ ವಿಜ್ಞಾನಿ ಡೊನಾಲ್ಡ್ ಮೆಂಜೆಲ್, ಇದೆಲ್ಲ ಮರೀಚಿಕೆ, ಗ್ರಹ, ವಾತಾವರಣದ ಆಟ ಎನ್ನುವವರು. ಅರಿಜೋನಾದ ಜೇಮ್ಸ್ ಮೆಕ್‌ಡೊನಾಲ್ಡ್ ಸ್ವತಃ ವಾತಾವರಣದ ಭೌತ ವಿಜ್ಞಾನಿ. ನೀವು ಹೇಳುವ ಮರೀಚಿಕೆಗೆ ಆ ದಿನದ ಗಾಳಿಯ ಉಷ್ಣತೆ ಹೊಂದುವುದಿಲ್ಲ ಎಂದು ಅಂಕಿ ಇಟ್ಟು ವಾದಿಸುವವರು. ಈ ಇಬ್ಬರ ಜಗಳ ಓದಲು ಯೋಗ್ಯ, ಯಾಕೆಂದರೆ ಅದು ಲೆಕ್ಕದ ಜಗಳ. ಆಮೇಲೆ ಬಂದದ್ದರಲ್ಲಿ ಬಹಳಷ್ಟು ಬರೀ ನಂಬಿಕೆಯ ಜಗಳ.

ಬೇರೆ ದೇಶಗಳು ಏನು ಮಾಡ್ತಿವೆ?

ಫ್ರಾನ್ಸ್ ಎಲ್ಲರಿಗಿಂತ ಶಿಸ್ತಾಗಿದೆ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ 1977ರಲ್ಲಿ ತೂಲೂಜ್‌ನಲ್ಲಿ ಒಂದು ಸಣ್ಣ ವಿಭಾಗ ತೆರೆಯಿತು. ಈಗ ಅದರ ಹೆಸರು ಗೈಪಾನ್. 2007ರಲ್ಲಿ ಕಡತಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಕೇಸ್‌ಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ. ಎ ಅಂದರೆ ಖಚಿತವಾಗಿ ಗುರುತು ಸಿಕ್ಕಿದ್ದು, ಬಿ ಅಂದರೆ ಬಹುಶಃ ಸಿಕ್ಕಿದ್ದು. ಸಿ ಅಂದರೆ ಮಾಹಿತಿ ಸಾಲದು. ಡಿ ಅಂದರೆ ಮಾಹಿತಿ ಸಾಕಷ್ಟಿದ್ದೂ ಉತ್ತರ ಸಿಗದ್ದು. ಈ ಸಿ ಮತ್ತು ಡಿ ನಡುವಿನ ಗೆರೆ ಎಳೆದದ್ದೇ ದೊಡ್ಡ ಕೆಲಸ. ಬೇರೆ ಕಡೆ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ನಾರ್ವೆಯ ಹೆಸ್‌ಡಾಲೆನ್ ಕಣಿವೆಯದು ಬೇರೆ ದಾರಿ. 1980ರ ದಶಕದ ಆರಂಭದಲ್ಲಿ ಅಲ್ಲಿ ದೀಪಗಳು ಪದೇ ಪದೇ ಕಾಣತೊಡಗಿದವು. 1984ರ ಚಳಿಗಾಲದಲ್ಲಿ ತಂಡವೊಂದು ರೇಡಾರ್, ಕ್ಯಾಮೆರಾ ಹೊತ್ತು ಅಲ್ಲೇ ಬೀಡುಬಿಟ್ಟಿತು. 1998ರಿಂದ ಸ್ವಯಂಚಾಲಿತ ಕೇಂದ್ರ ಇದೆ. ಕೆಲವು ದೀಪ ವಾಹನದ ಹೆಡ್‌ಲೈಟ್, ವಿಮಾನ ಎಂದು ಗೊತ್ತಾಗಿದೆ. ಉಳಿದವುಗಳ ಬಗ್ಗೆ ಒಮ್ಮತ ಇಲ್ಲ.

## ಪುರಾವೆ ಮತ್ತು ಅಳತೆ

ಶೇಕಡಾ 5ರಷ್ಟು ಕೇಸ್‌ಗೆ ಉತ್ತರ ಸಿಕ್ಕಿಲ್ಲ ಅಂದ್ಮೇಲೆ ಅಲ್ಲಿ ಏನೋ ಇದೆ ಅಂತಲೇ ಅಲ್ವಾ?

ಬ್ಲೂ ಬುಕ್‌ಗೆ ಬಂದ 12,618 ವರದಿಗಳಲ್ಲಿ 701 ಗುರುತಿಲ್ಲದೆ ಉಳಿದವು. ಈ ಅಂಕಿಯನ್ನು ಎರಡೂ ಕಡೆಯವರು ಬೀಸುತ್ತಾರೆ. ಆದರೆ ಕಳ್ಳ ಸಿಗದ ಕೇಸ್‌ಗಳೆಲ್ಲ ಒಬ್ಬನೇ ಕಳ್ಳನ ಕೆಲಸ ಎಂದು ಯಾವ ಪೊಲೀಸರೂ ಹೇಳುವುದಿಲ್ಲ. ಉಳಿದ ಕೇಸ್‌ಗಳಿಗೆ ಒಂದೇ ಕಾರಣ ಇರಬೇಕಿಲ್ಲ.

ಇದಕ್ಕೆ ಬಲವಾದ ಮರುವಾದ ಒಂದಿದೆ. ವಾಯುಪಡೆಗಾಗಿ ಬ್ಯಾಟೆಲ್ ಸಂಸ್ಥೆ ಮಾಡಿ 1955ರಲ್ಲಿ ಹೊರಬಂದ ಅಂಕಿಅಂಶ ಅಧ್ಯಯನದಲ್ಲಿ, ಒಳ್ಳೆಯ ಗುಣಮಟ್ಟದ ವರದಿಗಳಲ್ಲೇ ಗುರುತು ಸಿಗದವುಗಳ ಪ್ರಮಾಣ ಜಾಸ್ತಿ ಇತ್ತು. ಬರೀ ಮಾಹಿತಿ ಕೊರತೆಯೇ ಕಾರಣ ಆಗಿದ್ದರೆ ಉಲ್ಟಾ ಆಗಬೇಕಿತ್ತು. ಆದರೆ ‘ಒಳ್ಳೆಯ’ ಎಂದು ಅಂಕ ಕೊಟ್ಟದ್ದು ಯಾರು, ಸಾಕ್ಷಿಯ ಹುದ್ದೆ ನೋಡಿಯಾ, ಅಳತೆ ನೋಡಿಯಾ? ಪೈಲಟ್, ಪೊಲೀಸರ ಬಗೆಗಿನ ಉತ್ತರದಲ್ಲಿ ಹೇಳಿದ ಹಾಗೆ, ಹುದ್ದೆಯಿಂದ ದೂರ ಗೊತ್ತಾಗುವುದಿಲ್ಲ.

ರೇಡಾರ್‌ನಲ್ಲೂ ಕಂಡಿತ್ತು ಅಂದ್ರೆ ವಸ್ತು ಇದ್ದಂಗೇ ಅಲ್ವಾ?

ರೇಡಾರ್ ಕೂಡ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂದು ಮೊದಲೇ ಹೇಳಿಸಿಕೊಂಡ ಯಂತ್ರ. 1952ರ ಜುಲೈನಲ್ಲಿ ಎರಡು ವಾರಾಂತ್ಯ ವಾಷಿಂಗ್ಟನ್ ಡಿ.ಸಿ. ಮೇಲೆ ರೇಡಾರ್ ಚುಕ್ಕೆಗಳು ಕಂಡು ಯುದ್ಧವಿಮಾನ ಹಾರಿಸಿದರು. ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬಿಸಿ ಗಾಳಿ ಇದ್ದಾಗ ರೇಡಾರ್ ಕಿರಣ ಬಾಗಿ ನೆಲದ ವಸ್ತುಗಳನ್ನೇ ಆಕಾಶದಲ್ಲಿ ತೋರಿಸುತ್ತದೆ ಎಂದು ವಾಯುಪಡೆ ವಿವರಿಸಿತು. ಮೆಕ್‌ಡೊನಾಲ್ಡ್ ಅದನ್ನೂ ಒಪ್ಪಲಿಲ್ಲ.

2023ರ ಫೆಬ್ರುವರಿಯ ಘಟನೆ ಇನ್ನೂ ಪಾಠದ್ದು. ಚೀನಾದ ದೊಡ್ಡ ಬಲೂನನ್ನು ಹೊಡೆದುರುಳಿಸಿದ ಮೇಲೆ ಉತ್ತರ ಅಮೆರಿಕದ ವಾಯುರಕ್ಷಣಾ ಪಡೆ, ನಿಧಾನವಾಗಿ ಹೋಗುವ ಸಣ್ಣ ವಸ್ತುಗಳನ್ನು ಬಿಟ್ಟುಬಿಡುತ್ತಿದ್ದ ರೇಡಾರ್ ಜರಡಿಯನ್ನು ಸಡಿಲ ಮಾಡಿತು. ಕೆಲವೇ ದಿನಗಳಲ್ಲಿ ಇನ್ನೂ ಮೂರು ವಸ್ತು ಸಿಕ್ಕವು, ಹೊಡೆದರು. ಆಕಾಶ ಬದಲಾಗಿರಲಿಲ್ಲ, ಜರಡಿ ಬದಲಾಗಿತ್ತು.

ಪೆಂಟಗನ್ ಬಿಟ್ಟ ವಿಡಿಯೊಗಳಿಗೆ ಏನಂತೀರಿ?

2020ರ ಏಪ್ರಿಲ್‌ನಲ್ಲಿ ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆ, ಅಧಿಕೃತವಾಗಿ ಬಿಟ್ಟ, ನೌಕಾಪಡೆಯ ಯುದ್ಧವಿಮಾನಗಳಿಂದ ತೆಗೆದ ಮೂರು ವಿಡಿಯೊಗಳಲ್ಲಿ ‘ಗೋ ಫಾಸ್ಟ್’ ಎಂಬುದನ್ನು ತೆಗೆದುಕೊಳ್ಳಿ. ಒಂದು ಬಿಳಿ ಚುಕ್ಕೆ ಸಮುದ್ರದ ಮೇಲೆ ಶರವೇಗದಲ್ಲಿ ಓಡುವಂತೆ ಕಾಣುತ್ತದೆ. ಆದರೆ ತೆರೆಯ ಮೇಲೆ ಅಂಕಿಗಳಿವೆ. ವಿಮಾನದ ಎತ್ತರ 25,000 ಅಡಿ. ಒಂದು ಕ್ಷಣದಲ್ಲಿ ವಸ್ತುವಿನ ದೂರ 4.4 ನಾಟಿಕಲ್ ಮೈಲಿ, ಅಂದರೆ ಸುಮಾರು 26,700 ಅಡಿ. ಕ್ಯಾಮೆರಾ ಕೆಳಗೆ ಬಾಗಿದ ಕೋನ 26 ಡಿಗ್ರಿ. ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ಹಾಕಿದರೆ ವಸ್ತು ವಿಮಾನಕ್ಕಿಂತ 11,700 ಅಡಿ ಕೆಳಗಿದೆ. ಹಾಗಾದರೆ ಸಮುದ್ರದಿಂದ ಸುಮಾರು 13,000 ಅಡಿ ಮೇಲೆ! ಓಡುವ ಹಾಗೆ ಕಂಡದ್ದು ಬಹುಪಾಲು ವಿಮಾನದ ಸ್ವಂತ ಓಟ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಈ ವಿಷಯಕ್ಕೆಂದೇ ನೇಮಿಸಿದ ಸಮಿತಿ ಲೆಕ್ಕ ಹಾಕಿದಾಗ ವಸ್ತುವಿನ ಸರಾಸರಿ ವೇಗ ಗಂಟೆಗೆ 40 ಮೈಲಿ ಬಂತು. ಗಾಳಿಯಲ್ಲಿ ತೇಲುವ ವಸ್ತುವಿಗೆ ಸರಿಹೋಗುವ ವೇಗ.

ಉಳಿದೆರಡರಲ್ಲಿ ಇಷ್ಟು ಸಲೀಸಾಗಿ ಲೆಕ್ಕ ಆಗುವುದಿಲ್ಲ, ತೆರೆಯ ಮೇಲೆ ದೂರ ಇಲ್ಲ. ಅದಕ್ಕೇ ಅವುಗಳ ಬಗ್ಗೆ ಜಗಳ ನಿಂತಿಲ್ಲ.

ನಾಸಾ ಸಮಿತಿ ಕೊನೆಗೆ ಏನು ಹೇಳ್ತು?

ಖಗೋಳ ಭೌತ ವಿಜ್ಞಾನಿ ಡೇವಿಡ್ ಸ್ಪರ್ಗೆಲ್ ಅಧ್ಯಕ್ಷತೆಯ 16 ಜನರ ಸಮಿತಿ 2023ರ ಸೆಪ್ಟೆಂಬರ್ 14ರಂದು ವರದಿ ಕೊಟ್ಟಿತು. ಅನ್ಯಗ್ರಹ ಮೂಲಕ್ಕೆ ಪುರಾವೆ ಇಲ್ಲ, ಇರುವ ಮಾಹಿತಿ ಬಹಳ ಕಳಪೆ, ಅಳತೆ ಮಾಡಲೆಂದೇ ಇಟ್ಟ ಸಲಕರಣೆಗಳು ಬೇಕು ಎಂದಿತು. ವರದಿ ಮಾಡಿದವರನ್ನು ಗೇಲಿ ಮಾಡುವುದು ನಿಲ್ಲಬೇಕು ಎಂದೂ ಹೇಳಿತು. ಸಮಿತಿಯ ಸದಸ್ಯರಿಗೇ ಆನ್‌ಲೈನಿನಲ್ಲಿ ಕಿರುಕುಳ ಆಯಿತು.

ಸರ್ಕಾರ ಎಲ್ಲಾ ದಾಖಲೆ ಬಿಟ್ಟುಬಿಟ್ರೆ ಮುಗೀತಲ್ವಾ?

ಮುಗಿಯುವುದಿಲ್ಲ. ಸೇನೆ ಮುಚ್ಚಿಡುವುದು ಹೆಚ್ಚಾಗಿ ಕ್ಯಾಮೆರಾ, ರೇಡಾರ್‌ಗಳ ಸಾಮರ್ಥ್ಯವನ್ನು. ಅದೇ ಇಲ್ಲದೆ ಲೆಕ್ಕ ಮಾಡಲು ಆಗುವುದಿಲ್ಲ ಎಂಬುದು ತಲೆನೋವು. ವಿಜ್ಞಾನಕ್ಕೆ ಗುಟ್ಟಿಲ್ಲದ ಸಲಕರಣೆಯೇ ಬೇಕು.

## ಆಳಕ್ಕೆ ಇಳಿದರೆ

ಉಲ್ಕಾಶಿಲೆ ಬೀಳುತ್ತೆ ಅಂದಾಗಲೂ ವಿಜ್ಞಾನಿಗಳು ನಕ್ಕಿದ್ರು. ಇದೂ ಹಂಗೇ ಯಾಕಾಗಬಾರದು?

ನನಗೆ ಇಷ್ಟವಾದ ಪ್ರಶ್ನೆ ಇದು. ನಕ್ಕಿದ್ದು ನಿಜ. ಆದರೆ ನಗು ನಿಂತದ್ದು ಹೇಗೆ ಎಂದು ನೋಡಿ. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗಲ್ ಊರಿನ ಸುತ್ತ ಸಾವಿರಾರು ಕಲ್ಲು ಬಿದ್ದವು. ಯುವ ವಿಜ್ಞಾನಿ ಜಾನ್-ಬಾಪ್ಟಿಸ್ಟ್ ಬಿಯೊ ಅಲ್ಲಿಗೆ ಹೋದ. ಊರೂರು ತಿರುಗಿ, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಸಾಕ್ಷಿಗಳನ್ನು ಕೇಳಿದ. ಕಲ್ಲು ಬಿದ್ದ ಜಾಗಗಳನ್ನು ಗುರುತು ಹಾಕಿದಾಗ ಉದ್ದನೆಯ ಅಂಡಾಕಾರ ಬಂತು. ಅಂಥ ಕಲ್ಲು ಆ ಪ್ರದೇಶದಲ್ಲಿ ಮುಂಚೆ ಇರಲಿಲ್ಲ ಎಂದೂ ಪರೀಕ್ಷಿಸಿದ. ಸಾಕ್ಷಿಗಳ ಮಾತು, ಬಿದ್ದ ಜಾಗದ ನಕ್ಷೆ, ಕೈಯಲ್ಲಿ ಕಲ್ಲು, ಮೂರೂ ಒಂದೇ ಕಡೆ ಬೆರಳು ತೋರಿಸಿದವು.

ಇನ್ನೊಂದು ಉದಾಹರಣೆ: ಗುಡುಗು ಮೋಡದ ಮೇಲೆ ಕೆಂಪು ಬೆಳಕು ಚಿಮ್ಮುವುದನ್ನು ಪೈಲಟ್‌ಗಳು ಬಹಳ ವರ್ಷ ಹೇಳುತ್ತಲೇ ಇದ್ದರು. 1989ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದವರು ಮಂದ ಬೆಳಕಿನ ಕ್ಯಾಮೆರಾ ಪರೀಕ್ಷಿಸುವಾಗ ಅದು ಆಕಸ್ಮಿಕವಾಗಿ ಸೆರೆಯಾಯಿತು. ಈಗ ಅದಕ್ಕೆ ಸ್ಪ್ರೈಟ್ ಎನ್ನುತ್ತಾರೆ. ಹಾಗಾಗಿ ಸಾಕ್ಷಿಗಳ ಮಾತು ಎಲ್ಲಿ ಕ್ಯಾಮೆರಾ ಇಡಬೇಕು ಎಂದು ಹೇಳಬಲ್ಲದು. ಹೈನೆಕ್ ಪರ ಇರುವವರ ಗಟ್ಟಿ ವಾದ ಇದೇ.

ಇವತ್ತು ಹೊಸದಾಗಿ ತನಿಖೆ ಶುರುಮಾಡೋದಾದ್ರೆ ಹೇಗೆ ಮಾಡ್ಬೇಕು?

ಹಳೇ ವರದಿ ಅಗೆಯುವುದನ್ನು ಬಿಟ್ಟು, ಘಟನೆಗೆ ಮುಂಚೆಯೇ ಸಲಕರಣೆ ಇಡಬೇಕು. ಕನಿಷ್ಠ ಎರಡು ಕೇಂದ್ರ, ಕೆಲವು ಕಿಲೋಮೀಟರ್ ಅಂತರದಲ್ಲಿ, ಒಂದೇ ಗಡಿಯಾರಕ್ಕೆ ಜೋಡಿಸಿದ್ದು. ಒಂದೇ ವಸ್ತುವನ್ನು ಎರಡು ಕಡೆಯಿಂದ ನೋಡಿದರೆ ಕೋನದ ವ್ಯತ್ಯಾಸದಿಂದ ದೂರ ಸಿಗುತ್ತದೆ. ದೂರ ಸಿಕ್ಕರೆ ಗಾತ್ರ, ವೇಗ, ವೇಗದ ಏರಿಳಿತ ಎಲ್ಲ ತಾನಾಗಿ ಬರುತ್ತದೆ. ಬೆಳಕನ್ನು ಬಣ್ಣಗಳಾಗಿ ಒಡೆಯುವ ಜಾಲರಿ ಇದ್ದರೆ ಅದು ಎಲ್‌ಇಡಿಯಾ, ಬಿಸಿ ಅನಿಲವಾ, ಸೂರ್ಯನ ಪ್ರತಿಫಲನವಾ ಎಂದು ಹೇಳಬಹುದು. ವಿಮಾನಗಳು ತಾವೇ ಪ್ರಸಾರ ಮಾಡುವ ಸ್ಥಾನದ ಮಾಹಿತಿ, ಉಪಗ್ರಹಗಳ ಪಟ್ಟಿ, ಹವಾಮಾನ ದಾಖಲೆ ಜೊತೆಗಿರಲಿ.

ಆಮೇಲೆ ಯಾರಿಗೂ ಇಷ್ಟವಾಗದ ಕೆಲಸ: ತಿಂಗಳುಗಟ್ಟಲೆ ಹಕ್ಕಿ, ವಿಮಾನ, ಎಲೆ, ಕೀಟಗಳನ್ನೇ ದಾಖಲಿಸುವುದು. ಮಾಮೂಲಿ ಆಕಾಶ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ವಿಚಿತ್ರ ಯಾವುದೆಂದು ಹೇಳುವುದು ಹೇಗೆ? ಯಾವುದನ್ನು ವಿಚಿತ್ರ ಎಂದು ಲೆಕ್ಕಕ್ಕೆ ತಗೊಳ್ಳುತ್ತೇವೆ ಎಂಬುದನ್ನೂ ಮುಂಚೆಯೇ ಬರೆದು ಪ್ರಕಟಿಸಬೇಕು.

ಸ್ವಂತ ಸಲಕರಣೆಯ ಮೇಲೂ ಅನುಮಾನ ಇರಲಿ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಲ್ಲಿ ವರ್ಷಗಟ್ಟಲೆ ಕಂಡ ವಿಚಿತ್ರ ಸಂಕೇತಗಳಿಗೆ ಕಾರಣ ಅಲ್ಲಿನ ಮೈಕ್ರೊವೇವ್ ಓವನ್ ಎಂದು 2015ರಲ್ಲಿ ಗೊತ್ತಾಯಿತು. ಬಿಸಿಯಾಗುವ ಮುಂಚೆಯೇ ಯಾರೋ ಆತುರದವರು ಬಾಗಿಲು ತೆಗೆಯುತ್ತಿದ್ದರು.

ಹಾರ್ವರ್ಡ್‌ನವರ ಗೆಲಿಲಿಯೋ ಪ್ರಾಜೆಕ್ಟ್ ಮಾಡ್ತಿರೋದು ಇದೇನಾ?

ಹೌದು, ಸುಮಾರಾಗಿ ಇದೇ. ಅಲ್ಲಿನ ಖಗೋಳ ಭೌತ ವಿಜ್ಞಾನಿ ಆವಿ ಲೋಬ್ 2021ರ ಜುಲೈನಲ್ಲಿ ಶುರುಮಾಡಿದ್ದು. ಇಡೀ ಆಕಾಶ ನೋಡುವ ಅವರ ಎಂಟು ಅವಕೆಂಪು (ಶಾಖ ಹಿಡಿಯುವ) ಕ್ಯಾಮೆರಾಗಳು ಮೊದಲ ಐದು ತಿಂಗಳಲ್ಲಿ ಸುಮಾರು 5 ಲಕ್ಷ ಚಲನೆಯ ಜಾಡುಗಳನ್ನು ಹಿಡಿದವು. ಸೋಸಿ ಸೋಸಿ ಕೊನೆಗೆ 144 ಉಳಿದವು. ಅವೂ ಮಾಮೂಲಿ ವಸ್ತುಗಳೇ ಇರಬಹುದು, ಆದರೆ ದೂರ ಅಳೆಯದೆ ಮುಂದೆ ಹೇಳಲಾಗದು ಎಂದು ತಂಡವೇ ಬರೆದಿದೆ. ತಮಾಷೆ ಎಂದರೆ, 2021ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ನಿರ್ದೇಶಕರ ಕಚೇರಿ ಪರಿಶೀಲಿಸಿದ ವರದಿಗಳೂ 144. ಅದರಲ್ಲಿ ಖಚಿತವಾಗಿ ಗುರುತು ಸಿಕ್ಕಿದ್ದು ಒಂದಕ್ಕೆ, ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು. ಸಂಖ್ಯೆ ಹೊಂದಿದ್ದು ಕಾಕತಾಳೀಯ, ಅದರಲ್ಲಿ ಅರ್ಥ ಹುಡುಕಬೇಡಿ. ಆದರೆ ಒಂದು ಕಡೆ 5 ಲಕ್ಷದಲ್ಲಿ 144 ಉಳಿಯಿತು, ಇನ್ನೊಂದು ಕಡೆ 144ರಲ್ಲಿ 143. ಆ ವ್ಯತ್ಯಾಸದಲ್ಲಿ ಅರ್ಥ ಇದೆ.

ಸ್ಪುಟ್ನಿಕ್‌ಗಿಂತ ಮುಂಚಿನ ಫೋಟೋಗಳಲ್ಲಿ ಏನೋ ಮಿಂಚಿದೆಯಂತೆ?

ಖಗೋಳ ವಿಜ್ಞಾನಿ ಬಿಯಾಟ್ರಿಜ್ ವಿಲ್ಲರೊಯೆಲ್ ಅವರ ತಂಡ 1950ರ ದಶಕದ ಪ್ಯಾಲೊಮಾರ್ ವೀಕ್ಷಣಾಲಯದ ಗಾಜಿನ ಫೋಟೋ ತಟ್ಟೆಗಳಲ್ಲಿ, ಒಂದರಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುವ ಚುಕ್ಕೆಗಳನ್ನು ಹುಡುಕುತ್ತಿದೆ. ಮನುಷ್ಯರ ಉಪಗ್ರಹ ಇಲ್ಲದ ಕಾಲವನ್ನು ಆರಿಸಿದ್ದು ಜಾಣತನ. ಅವು ಫೋಟೋ ಲೇಪದ ದೋಷ ಎನ್ನುವುದು ವಿಮರ್ಶಕರ ವಾದ. ಮೂಲ ತಟ್ಟೆಗಳನ್ನೇ ಸೂಕ್ಷ್ಮದರ್ಶಕದಡಿ ಇಟ್ಟು ನೋಡದೆ ಈ ಜಗಳ ತೀರದು.

ಏನು ಸಿಕ್ಕರೆ ನೀವು ಮನಸ್ಸು ಬದಲಾಯಿಸ್ತೀರಿ?

ಎರಡರಲ್ಲಿ ಒಂದು. ಮೊದಲನೆಯದು ವಾಹನದ ಒಂದು ಚೂರು. ಭೂಮಿಯ ಮೆಗ್ನೀಸಿಯಂನಲ್ಲಿ ಮೂರು ಸ್ಥಿರ ಐಸೊಟೋಪ್‌ಗಳಿವೆ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಸುಮಾರು 79, 10, 11ರ ಪ್ರಮಾಣದಲ್ಲಿ. ಬೇರೆ ನಕ್ಷತ್ರದ ಸುತ್ತ ಹುಟ್ಟಿದ ವಸ್ತುವಿನಲ್ಲಿ ಈ ಪ್ರಮಾಣ ಬೇರೆ ಇರಬಹುದು. ಬ್ರೆಜಿಲ್‌ನ ಉಬಾಟುಬಾದಲ್ಲಿ ಯುಎಫ್‌ಒದಿಂದ ಬಿದ್ದದ್ದು ಎನ್ನಲಾದ ಚೂರು ಅತಿ ಶುದ್ಧ ಮೆಗ್ನೀಸಿಯಂ ಎಂದು ಹೇಳಿದ್ದರು. ಕಾಂಡನ್ ತಂಡ ಪರೀಕ್ಷಿಸಿದಾಗ ಅದು ಅಷ್ಟೇನೂ ಶುದ್ಧವಿರಲಿಲ್ಲ. ವಿಚಿತ್ರ ಎನ್ನಲಾಗುತ್ತಿದ್ದ ಇನ್ನೊಂದು ಮೆಗ್ನೀಸಿಯಂ ಮಿಶ್ರಲೋಹವನ್ನು ಅಮೆರಿಕದ ಓಕ್ ರಿಜ್ ಪ್ರಯೋಗಾಲಯ ಪರೀಕ್ಷಿಸಿ, ಅದರ ಐಸೊಟೋಪ್‌ಗಳು ಭೂಮಿಯವೇ ಎಂದು 2024ರಲ್ಲಿ ಹೇಳಿತು.

ಎರಡನೆಯದು ಜಾಡು. ಸಂಬಂಧವಿಲ್ಲದ ಎರಡು ತಂಡಗಳ ಸಲಕರಣೆ ಒಂದೇ ವಸ್ತುವನ್ನು ಹಿಡಿದಿರಬೇಕು, ದೂರ ಅಳೆದಿರಬೇಕು, ನಮ್ಮ ಯಾವ ಯಂತ್ರವೂ ತಾಳದ ವೇಗದ ಏರಿಳಿತ ಅದರಲ್ಲಿ ಕಾಣಬೇಕು. ಅಳತೆಯ ಮೂಲ ಅಂಕಿಗಳನ್ನು ತಿದ್ದದೆ ಎಲ್ಲರಿಗೂ ಕೊಡಬೇಕು. ಇದನ್ನು ನಂಬದವರೇ ಕೂತು ಲೆಕ್ಕ ಮಾಡಿದರೂ ಅದೇ ಉತ್ತರ ಬರಬೇಕು.